ಸಿಹಿ ತಿನ್ನೋ ಆಸೆ ಹತೋಟಿಗೆ ತರೋದು ಹೇಗೆ? ಹುಬ್ಬಳ್ಳಿ-ಧಾರವಾಡದ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ಉಣಕಲ್ ಕೆರೆ ದಂಡೆಯ ವಾಕಿಂಗ್‌ನಲ್ಲಿ, ಮದುವೆ ಪಂಕ್ತಿಯಲ್ಲಿ, ಫೋನಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಿದ್ದೇನೆ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ನಮ್ಮ ಕಡೆ ಹೆಚ್ಚಿನವರಿಗೆ ತೊಂದರೆ ಕೊಡುತ್ತಿರುವುದು ಹಬ್ಬದ ಹೋಳಿಗೆ ಅಲ್ಲ, ದಿನಾ ಲೆಕ್ಕಕ್ಕೇ ಬಾರದೆ ಒಳಗೆ ಹೋಗುವ ಸಕ್ಕರೆ. ಆದ್ದರಿಂದ ಹೋಳಿಗೆ ಬಿಡಿಸುವ ಉಪಾಯ ಇಲ್ಲಿ ಹುಡುಕಬೇಡಿ.

## ಮೊದಮೊದಲು ಕೇಳುವವು

ನನಗ ಶುಗರ್ ಇಲ್ಲರೀ. ಆದ್ರೂ ಸಿಹಿ ಕಮ್ಮಿ ಮಾಡಬೇಕೇನು?

ಕಮ್ಮಿ ಮಾಡಿದರೆ ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಒಂದು ಮಿತಿ ಹೇಳಿತು. ದಿನದ ಒಟ್ಟು ಕ್ಯಾಲರಿಯಲ್ಲಿ ಸಕ್ಕರೆಯ ಪಾಲು ಶೇ. 10 ದಾಟಬಾರದು, ಶೇ. 5ರ ಒಳಗೆ ಇದ್ದರೆ ಇನ್ನೂ ಒಳ್ಳೆಯದು. ದಿನಕ್ಕೆ 2000 ಕ್ಯಾಲರಿ ಉಣ್ಣುವವರಿಗೆ ಅದು ಹೆಚ್ಚೆಂದರೆ 50 ಗ್ರಾಂ, ಸಾಧ್ಯವಾದರೆ 25 ಗ್ರಾಂ. ಸಣ್ಣ ಚಮಚೆಯ ಲೆಕ್ಕದಲ್ಲಿ 25 ಗ್ರಾಂ ಅಂದರೆ ಆರು ಚಮಚೆ.

ಈ ಲೆಕ್ಕದೊಳಗೆ ಸಕ್ಕರೆ, ಬೆಲ್ಲ, ಜೇನುತುಪ್ಪ, ಹಣ್ಣಿನ ರಸ ಎಲ್ಲಾ ಬರುತ್ತವೆ. ಹಾಗೇ ತಿನ್ನುವ ಹಣ್ಣು, ಹಾಲು ಬರುವುದಿಲ್ಲ. ಇದು ಬರೀ ಶುಗರ್ ಕಾಯಿಲೆಯ ಮಾತೂ ಅಲ್ಲ. ತೂಕ ಏರುವುದು, ಹಲ್ಲು ಹುಳುಕಾಗುವುದು ಶುಗರ್ ಇಲ್ಲದವರಿಗೂ ತಪ್ಪಿದ್ದಲ್ಲ.

ನಾವು ದಿನಾ ಎಷ್ಟು ತಿಂತೀವಿ ಅಂತ ಲೆಕ್ಕ ಹೆಂಗ ಹಿಡಿಯೋದು? ತೂಗಿ ತಿನ್ನಾಕ ಆಗತೈತೇನು?

ತೂಗಬೇಡಿ. ಕಿರಾಣಿ ಚೀಟಿ ತೆಗೆದು ನೋಡಿ. ಮನೆಯಲ್ಲಿ ನಾಲ್ಕು ಜನ ಇದ್ದು ತಿಂಗಳಿಗೆ ಮೂರು ಕಿಲೋ ಸಕ್ಕರೆ ಖರ್ಚಾದರೆ, ತಲೆಗೆ ದಿನಕ್ಕೆ ಸರಿಯಾಗಿ 25 ಗ್ರಾಂ ಆಯಿತು. ಅಂದರೆ ಒಳ್ಳೆಯ ಮಿತಿ ಡಬ್ಬಿಯಲ್ಲೇ ಮುಗಿಯಿತು. ಬೆಲ್ಲ, ಬಿಸ್ಕತ್ತು, ಹೊರಗಿನ ಚಹಾ, ಬೇಕರಿ ತಿಂಡಿ ಎಲ್ಲಾ ಅದರ ಮೇಲಿನ ಲೆಕ್ಕ. ಐದು ಕಿಲೋ ತರುವ ಮನೆಗಳು ನಮ್ಮಲ್ಲಿ ಕಮ್ಮಿ ಏನಿಲ್ಲ.

ಮುಂದಿನ ತಿಂಗಳು ಒಂದನೇ ತಾರೀಖಿಗೆ ಅರ್ಧ ಕಿಲೋ ಕಮ್ಮಿ ತನ್ನಿ. ತೀರಿದ ಮೇಲೆ ಮತ್ತೆ ತರಬೇಡಿ. ಮನೆಯವರೆಲ್ಲ ಸೇರಿ ಹೊಂದಿಸಿಕೊಳ್ಳುತ್ತಾರೆ. ಒಬ್ಬೊಬ್ಬರಿಗೆ ಬುದ್ಧಿ ಹೇಳುವುದಕ್ಕಿಂತ ಇದು ಸುಲಭ. ಜಗಳವೂ ಕಮ್ಮಿ.

ಊಟ ಆದ ಕೂಡಲೇ ಏನರ ಸಿಹಿ ಬೇಕೇ ಬೇಕು. ಹೊಟ್ಟಿ ತುಂಬಿರತೈತಿ, ಆದ್ರೂ ಯಾಕ ಹಂಗ?

ಹೊಟ್ಟೆ ತುಂಬಿರುತ್ತದೆ, ನಾಲಿಗೆ ತುಂಬಿರುವುದಿಲ್ಲ. ರೊಟ್ಟಿ, ಎಣಗಾಯಿ, ಅನ್ನ, ಸಾರು ಅಂತ ಒಂದೇ ಥರದ ಉಪ್ಪು-ಖಾರ ಉಂಡ ನಾಲಿಗೆಗೆ ಆ ರುಚಿ ಸಾಕಾಗಿರುತ್ತದೆ. ಆಗ ಬೇರೆ ರುಚಿ ಏನೇ ಬಂದರೂ ಅದಕ್ಕೆ ಜಾಗ ಇರುತ್ತದೆ. ಅದರ ಮೇಲೆ ರೂಢಿ ಬೇರೆ. ದಿನಾ ಊಟದ ಕೊನೆಗೆ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡವರಿಗೆ ತಾಟು ಎತ್ತಿದ ಕೂಡಲೇ ಕೈ ಅತ್ತ ಹೋಗುತ್ತದೆ.

ಆದ್ದರಿಂದ ಊಟದ ಕೊನೆಯನ್ನೇ ಬದಲಿಸಿ. ಜೀರಿಗೆ ಪುಡಿ, ಕರಿಬೇವು ಹಾಕಿದ ಮಜ್ಜಿಗೆ ಒಂದು ಲೋಟ ಕುಡಿಯಿರಿ. ಹುರಿದ ಬಡೇಸೋಪು ಒಂದು ಚಿಟಿಕೆ ಬಾಯಿಗೆ ಹಾಕಿಕೊಳ್ಳಿ. ಸಕ್ಕರೆ ಲೇಪಿಸಿದ ಬಣ್ಣದ ಬಡೇಸೋಪು ಮಾತ್ರ ಬೇಡ. ಎಲೆ ಹಾಕುವ ರೂಢಿ ಇದ್ದವರಿಗೆ ಸವಣೂರಿನ ಎಲೆ ಸಿಗುತ್ತದೆ. ಬರೀ ಎಲೆ, ಏಲಕ್ಕಿ ಹಾಕಿಕೊಳ್ಳಿ. ಗುಲ್ಕಂದ್ ಬೇಡ, ತಂಬಾಕು ಮೊದಲೇ ಬೇಡ. ರಾತ್ರಿ ಊಟವಾದರೆ ಎದ್ದು ಹೋಗಿ ಹಲ್ಲು ಉಜ್ಜಿಬಿಡಿ. ಪೇಸ್ಟಿನ ರುಚಿ ಬಾಯಲ್ಲಿ ಇರುವಾಗ ಲಾಡು ಕೂಡ ರುಚಿಸುವುದಿಲ್ಲ.

ಸಂಜಿ ನಾಲ್ಕು ಗಂಟೆಗೆ ಕೈ ತಾನೇ ಡಬ್ಬಿಗೆ ಹೋಗತೈತಿ. ಎಷ್ಟ್ ತಡದ್ರೂ ಆಗವಲ್ದು.

ನಾಲ್ಕರ ಹಸಿವಿಗೆ ಕಾರಣ ಬೆಳಿಗ್ಗೆಯೇ ಶುರುವಾಗಿರುತ್ತದೆ. ಒಂಬತ್ತಕ್ಕೆ ಒಂದು ತಾಟು ಅವಲಕ್ಕಿ ಅಥವಾ ಸುಸಲಾ, ಒಂದಕ್ಕೆ ಬುತ್ತಿಯಲ್ಲಿ ಚಿತ್ರಾನ್ನ. ಎರಡರಲ್ಲೂ ಕಾಳು ಕಮ್ಮಿ, ನಾರು ಕಮ್ಮಿ. ಬೇಗ ಅರಗಿ ಹೋಗುತ್ತವೆ. ನಾಲ್ಕಕ್ಕೆ ಮೈ ಸುಸ್ತಾಗಿ, ಬೇಗ ಶಕ್ತಿ ಕೊಡುವ ಪದಾರ್ಥ ಕೇಳುತ್ತದೆ. ಅದಕ್ಕೆ ಗೊತ್ತಿರುವುದು ಸಕ್ಕರೆ.

ಇದಕ್ಕೆ ಔಷಧಿ ನಮ್ಮ ತಾಟಿನಲ್ಲೇ ಇದೆ. ಜೋಳದ ರೊಟ್ಟಿ, ಮಡಕಿ ಕಾಳಿನ ಪಲ್ಯ, ಒಂದು ಚಮಚೆ ಶೇಂಗಾ ಚಟ್ನಿ ಅಥವಾ ಅಗಸಿ ಚಟ್ನಿ, ಮೇಲೆ ಮೊಸರು, ಹಸಿ ಉಳ್ಳಾಗಡ್ಡಿ, ಮೆಂತ್ಯೆ ಸೊಪ್ಪು. ಇದನ್ನು ಉಂಡವರಿಗೆ ನಾಲ್ಕು ಗಂಟೆಗೆ ಹಸಿವಾಗುತ್ತದೆ, ಆದರೆ ಆ ಚಡಪಡಿಕೆ ಇರುವುದಿಲ್ಲ. ಬೆಳಿಗ್ಗೆ ಅವಲಕ್ಕಿನೇ ತಿನ್ನಬೇಕು ಅಂದರೆ ಶೇಂಗಾ ಜಾಸ್ತಿ ಹಾಕಿ, ಪಕ್ಕದಲ್ಲಿ ಒಂದು ಬಟ್ಟಲು ಹೆಸರುಕಾಳು ಉಸುಳಿ ಅಥವಾ ಒಂದು ಮೊಟ್ಟೆ ಇರಲಿ.

ನಾಲ್ಕರ ಹೊತ್ತಿಗೆ ಒಂದು ಹಿಡಿ ಪುಟಾಣಿ, ಶೇಂಗಾ ಚೀಲದಲ್ಲಿ ಇಟ್ಟುಕೊಳ್ಳಿ. ಗಿರ್ಮಿಟ್ ತಿನ್ನಬಹುದಾ ಅಂತ ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ತಿನ್ನಬಹುದು. ಪುಟಾಣಿ ಹಿಟ್ಟು, ಉಳ್ಳಾಗಡ್ಡಿ, ಟೊಮೆಟೊ ಜಾಸ್ತಿ ಹಾಕಿಸಿ. ತೊಂದರೆ ಗಿರ್ಮಿಟ್‌ದಲ್ಲ. ಅದರ ಹಿಂದೆ ಮಿರ್ಚಿ ಬರುತ್ತದೆ, ಮಿರ್ಚಿ ಹಿಂದೆ ಚಹಾ ಬರುತ್ತದೆ.

ಆಸೆ ಬಂತು ಅಂದ್ರ ಆ ಕ್ಷಣ ಏನು ಮಾಡಬೇಕು?

ಜಾಗ ಬಿಡಿ. ಆಸೆ ಒಂದೇ ಸಮನೆ ಏರುತ್ತಾ ಹೋಗುವುದಿಲ್ಲ. ಹೆಚ್ಚಿನ ಸಲ ಹದಿನೈದು-ಇಪ್ಪತ್ತು ನಿಮಿಷದಲ್ಲಿ ತಾನೇ ಇಳಿಯುತ್ತದೆ. ಆ ಹೊತ್ತಿನಲ್ಲಿ ನೀರು ಕುಡಿದು ಹತ್ತು-ಹದಿನೈದು ನಿಮಿಷ ಚುರುಕಾಗಿ ನಡೆದು ಬಂದರೆ ಇನ್ನೂ ಬೇಗ ಇಳಿಯುತ್ತದೆ. ಓಣಿ ಕೊನೆಯ ಗುಡಿಯವರೆಗೆ ಹೋಗಿ ಬಂದರೂ ಸಾಕು. ಬೇಕರಿ ಇರುವ ದಿಕ್ಕಿಗೆ ಮಾತ್ರ ಹೋಗಬೇಡಿ.

ಇಪ್ಪತ್ತು ನಿಮಿಷ ಆದ ಮೇಲೂ ಬೇಕು ಅನಿಸಿದರೆ ಒಂದು ಚೂರು ತಟ್ಟೆಗೆ ಹಾಕಿಕೊಂಡು, ಕೂತು, ನಿಧಾನ ತಿನ್ನಿ. ಡಬ್ಬಿಯೊಳಗೆ ಕೈ ಹಾಕಿ ನಿಂತುಕೊಂಡು ತಿಂದದ್ದು ಎಷ್ಟು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಒಮ್ಮಿಗೇ ಬಿಟ್ಟುಬಿಡಬೇಕಾ, ಸ್ವಲ್ಪ ಸ್ವಲ್ಪ ಬಿಡಬೇಕಾ?

ಚಾಕಲೇಟ್, ಕೋಲಾ ಥರದವನ್ನು ಒಮ್ಮೆಲೇ ನಿಲ್ಲಿಸಬಹುದು. ಮನೆಯಲ್ಲಿ ಇಡದಿದ್ದರೆ ಆಯಿತು. ಚಹಾದ ಸಕ್ಕರೆಯನ್ನು ಮಾತ್ರ ಮೆಲ್ಲಗೆ ಇಳಿಸಿ. ಇಲ್ಲಿ ಒಂದು ಎಚ್ಚರಿಕೆ: ಸಕ್ಕರೆ ಬಿಡುವ ಉತ್ಸಾಹದಲ್ಲಿ ಚಹಾನೂ ಅದೇ ದಿನ ಬಿಡುತ್ತಾರೆ. ಮರುದಿನ ತಲೆ ಸಿಡಿಯುತ್ತದೆ. 'ನನ್ನ ಮೈಗೆ ಸಕ್ಕರೆ ಬೇಕೇ ಬೇಕು' ಅಂತ ತಿರುಗಿ ಶುರು ಮಾಡುತ್ತಾರೆ. ಆ ತಲೆನೋವು ಬಹುತೇಕ ಚಹಾದಲ್ಲಿರುವ ಕೆಫೀನ್ ನಿಂತದ್ದರಿಂದ ಬಂದದ್ದು. ಎರಡನ್ನೂ ಒಟ್ಟಿಗೆ ಮುಟ್ಟಬೇಡಿ.

## ಚಹಾದ ಸುತ್ತ

ದಿನಾ ಐದಾರು ಚಹಾ ಆಗತಾವ. ಸಕ್ಕರಿ ಬಿಟ್ರ ಅದು ಚಹಾನ ಅನಸೂದಿಲ್ಲ. ಏನ್ ಮಾಡ್ಲಿ?

ಆರು ಕಪ್ಪು, ಕಪ್ಪಿಗೆ ಎರಡು ಚಮಚೆ, ಚಮಚೆಗೆ ನಾಲ್ಕರಿಂದ ಐದು ಗ್ರಾಂ. ಒಟ್ಟು 50 ಗ್ರಾಂ ಆಸುಪಾಸು. ಬೇರೆ ಏನೂ ತಿನ್ನದೆ ದಿನದ ಮಿತಿ ಮುಗಿಯಿತು. ನಮ್ಮ ಕಡೆ ಸಿಹಿ ಕಮ್ಮಿ ಮಾಡುವುದು ಅಂದರೆ ಮುಕ್ಕಾಲು ಪಾಲು ಚಹಾ ಸರಿಮಾಡುವುದೇ.

ಮೊದಲ ಕೆಲಸ ಸಕ್ಕರೆಯದಲ್ಲ, ಪುಡಿಯದು. ನಮಗೆ ಚಹಾ ಖಡಕ್ ಬೇಕು. ಪುಡಿ ಜಾಸ್ತಿ ಹಾಕಿ ಗಳಗಳ ಕುದಿಸಿದರೆ ಕಹಿ, ಒಗರು ಏಳುತ್ತದೆ. ಆ ಕಹಿ ಮುಚ್ಚಲು ಎರಡು ಚಮಚೆ ಬೇಕೇ ಬೇಕಾಗುತ್ತದೆ. ಪುಡಿಯನ್ನು ಕಾಲು ಭಾಗ ಕಮ್ಮಿ ಮಾಡಿ, ಹಾಲು ಹಾಕಿದ ಮೇಲೆ ತುಂಬಾ ಹೊತ್ತು ಕುದಿಸಬೇಡಿ. ಅಷ್ಟಕ್ಕೇ ಅರ್ಧ ಚಮಚೆ ಸಕ್ಕರೆ ಬೇಡವಾಗುತ್ತದೆ.

ಎರಡನೆಯದು ಪರಿಮಳ. ಹಸಿ ಶುಂಠಿ ಜಜ್ಜಿ ಹಾಕಿ. ಏಲಕ್ಕಿ ಹಾಕಿದರೆ ಇನ್ನೂ ಒಳ್ಳೆಯದು. ಹುಟ್ಟಿದಾಗಿನಿಂದ ಏಲಕ್ಕಿಯನ್ನು ಹೋಳಿಗೆ, ಹುಗ್ಗಿ, ಪಾಯಸದ ಜೊತೆಗೇ ಮೂಸಿದ್ದೇವೆ. ಅದರ ಪರಿಮಳ ಬಂದರೆ ಸಕ್ಕರೆ ಕಮ್ಮಿ ಇದ್ದರೂ ನಾಲಿಗೆಗೆ ಸಿಹಿ ಅನಿಸುತ್ತದೆ. ಹಾವೇರಿಯವರು ಏಲಕ್ಕಿಯಲ್ಲಿ ಮಾಲೆ ಕಟ್ಟುತ್ತಾರೆ, ನೀವು ಚಹಾಕ್ಕೆ ಅರ್ಧ ಕಾಯಿ ಹಾಕಿದರೆ ಸಾಕು.

ಮೂರನೆಯದು, ಪಾತೇಲಿಯಲ್ಲಿ ಸಕ್ಕರೆ ಹಾಕುವುದನ್ನು ನಿಲ್ಲಿಸಿ. ಸೋಸಿದ ಮೇಲೆ ಕಪ್ಪಿಗೆ ಹಾಕಿಕೊಳ್ಳಿ. ಹೀಗೆ ಮಾಡಿದರೆ ಯಾರು ಎಷ್ಟು ಹಾಕಿಕೊಳ್ಳುತ್ತಾರೆ ಅಂತ ಕಣ್ಣಿಗೆ ಕಾಣುತ್ತದೆ. ಮನೆಯ ಚಮಚೆಯನ್ನೂ ಒಮ್ಮೆ ನೋಡಿ. ಸಮತಟ್ಟು ತುಂಬಿದ ಸಣ್ಣ ಚಮಚೆ ಬೇರೆ, ಗೋಪುರ ಏರಿದ ಚಮಚೆ ಬೇರೆ. ಪ್ರತಿ ವಾರ ಕಾಲು ಚಮಚೆ ಇಳಿಸಿ. ಒಂದೂವರೆ-ಎರಡು ತಿಂಗಳಲ್ಲಿ ಅರ್ಧ ಚಮಚೆಗೆ ಬರುತ್ತೀರಿ. ಅಲ್ಲಿಂದ ಮುಂದೆ ನಿಮ್ಮ ಇಷ್ಟ.

ಅಂಗಡಿ ಚಹಾದಾಗ ಮೊದಲೇ ಸಕ್ಕರಿ ಹಾಕಿ ಕುದಿಸಿರ್ತಾರಲ್ಲ?

ಹೌದು, ಅಲ್ಲಿ ನಮ್ಮ ಮಾತು ನಡೆಯುವುದಿಲ್ಲ. 'ಸಕ್ಕರಿ ಇಲ್ಲದ್ದು ಐತೇನು' ಅಂತ ಕೇಳಿ. ಈಗ ಬಹಳ ಅಂಗಡಿಗಳಲ್ಲಿ ಬೇರೆ ಕೆಟಲ್ ಇಟ್ಟಿರುತ್ತಾರೆ, ಇಲ್ಲದಿದ್ದರೆ ಗುರುತಿನವರು ಒಂದು ಕಪ್ಪು ಬೇರೆ ಕುದಿಸಿ ಕೊಡುತ್ತಾರೆ. ಅದೂ ಆಗದಿದ್ದರೆ ಒನ್ ಬೈ ಟು. ಆಫೀಸಿನ ಗೆಳೆಯರ ಜೊತೆ ಹೋಗುವುದು ಮಾತಿಗೆ. ಅದಕ್ಕೆ ಅರ್ಧ ಕಪ್ಪು ಸಾಕು.

ಯಾರ ಮನಿಗೆ ಹೋದ್ರೂ ಚಹಾ ಮಾಡ್ತಾರ. ಬ್ಯಾಡ ಅಂದ್ರ ಬೇಜಾರ ಆಗ್ತಾರ. ಶುಗರ್ ಐತಿ ಅಂತ ಸುಳ್ಳ ಹೇಳ್ಲ್ಯಾ?

ಸುಳ್ಳು ಹೇಳಬೇಡಿ. ಆ ಸುದ್ದಿ ನಿಮಗಿಂತ ಮೊದಲು ನಿಮ್ಮ ಮನೆ ಮುಟ್ಟುತ್ತದೆ. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಹೇಳಿ: 'ಅಕ್ಕಾ, ನನಗ ಚಹಾ ಬ್ಯಾಡ, ಒಂದು ಗ್ಲಾಸ್ ಮಜ್ಜಿಗಿ ಕೊಡ್ರಿ.' ಪಾತೇಲಿ ಒಲೆ ಮೇಲೆ ಏರಿದ ಮೇಲೆ ಹೇಳಿದರೆ ಅದು ಬೇಡ ಅಂದಂತೆ ಆಗುತ್ತದೆ. ಮೊದಲೇ ಕೇಳಿದರೆ ಬೇರೆ ಏನೋ ಬೇಕು ಅಂದಂತೆ. ಮನೆಯವರಿಗೆ ಬೇಕಾದದ್ದು ನಿಮಗೆ ಏನಾದರೂ ಕೊಡುವ ಸಮಾಧಾನ, ಅಷ್ಟೇ.

ಚಹಾ ಜೋಡಿ ಬಿಸ್ಕೀಟು, ಖಾರಿ, ಟೋಸ್ಟ್?

ಗ್ಲೂಕೋಸ್ ಬಿಸ್ಕತ್ತಿನ ತೂಕದಲ್ಲಿ ಸುಮಾರು ಕಾಲು ಭಾಗ ಸಕ್ಕರೆ. ನಾಲ್ಕು ಅದ್ದಿ ತಿಂದರೆ ಇನ್ನೊಂದು ಚಮಚೆ ಹಾಕಿಕೊಂಡಂತೆ. ಖಾರಿಯಲ್ಲಿ ಸಕ್ಕರೆ ಕಮ್ಮಿ, ಮೈದಾ ಮತ್ತು ಡಾಲ್ಡಾ ಜಾಸ್ತಿ. ಸವಣೂರ ಖಾರಾ ಒಂದು ಮುಷ್ಟಿ ಇಟ್ಟುಕೊಂಡರೆ ಆದೀತು, ತಾಟು ತುಂಬಾ ಅಲ್ಲ.

## ಅಡುಗೆಮನೆ, ಸಂತೆ, ಮಕ್ಕಳು

ಸಕ್ಕರಿ ಬಿಟ್ಟು ಬೆಲ್ಲ ಹಿಡದೀನ್ರಿ. ಬೆಲ್ಲ ಒಳ್ಳೇದಲ್ವಾ?

ಇಷ್ಟು ಜನ ಕೇಳಿದ ಪ್ರಶ್ನೆ ಇನ್ನೊಂದಿಲ್ಲ. ರುಚಿಗೆ ಒಳ್ಳೆಯದು, ಆಸೆ ಬಿಡಿಸುವುದಕ್ಕೆ ಅಲ್ಲ. ಬೆಲ್ಲದಲ್ಲಿ ಹೆಚ್ಚಿನ ಪಾಲು ಸಕ್ಕರೆಯೇ. ನೂರು ಗ್ರಾಮಿನ ಕ್ಯಾಲರಿ ಎರಡರದ್ದೂ ಹತ್ತಿರ ಹತ್ತಿರ ಒಂದೇ. ಬೆಲ್ಲದಲ್ಲಿ ಸ್ವಲ್ಪ ಕಬ್ಬಿಣ, ಖನಿಜ ಇವೆ ನಿಜ. ಆದರೆ ಅದರಿಂದ ಮೈಗೆ ಬೇಕಾದಷ್ಟು ಕಬ್ಬಿಣ ಸಿಗಬೇಕು ಅಂದರೆ ತಿನ್ನಬಾರದಷ್ಟು ಬೆಲ್ಲ ತಿನ್ನಬೇಕು. ಅದಕ್ಕಿಂತ ಮೆಂತ್ಯೆ, ರಾಜಗಿರಿ ಸೊಪ್ಪು, ಕಾಳು ಮೇಲು.

ಇನ್ನೊಂದು ಸೂಕ್ಷ್ಮ ಇದೆ. ಬೆಲ್ಲ 'ಆರೋಗ್ಯದ್ದು' ಅಂತ ಮನಸ್ಸಿಗೆ ಬಂದ ಕೂಡಲೇ ಕೈ ಸಡಿಲ ಆಗುತ್ತದೆ. ಎರಡು ಚಮಚೆ ಸಕ್ಕರೆ ಹಾಕುತ್ತಿದ್ದವರು ಒಂದು ದೊಡ್ಡ ತುಂಡು ಬೆಲ್ಲ ಹಾಕುತ್ತಾರೆ. ಜೇನುತುಪ್ಪದ ಕಥೆಯೂ ಇದೇ, ಅದರಲ್ಲಿ ಸುಮಾರು ಶೇ. 80 ಸಕ್ಕರೆಯ ಅಂಶ. ಉತ್ತುತ್ತಿ, ಖರ್ಜೂರದಲ್ಲಿ ನಾರು ಇದೆ, ಆದ್ದರಿಂದ ಒಂದೆರಡು ತಿಂದರೆ ತೊಂದರೆ ಇಲ್ಲ. ಅದನ್ನೇ ರುಬ್ಬಿ ಲಾಡು ಕಟ್ಟಿ 'ಸಕ್ಕರೆ ಹಾಕಿಲ್ಲ' ಅಂತ ಐದು ತಿನ್ನಬಾರದು.

ಹಣ್ಣೂ ಸಿಹಿನ ಅಲ್ವಾ? ಅದನ್ನೂ ಬಿಡಬೇಕಾ?

ಬಿಡಬೇಡಿ. ಸಿಹಿ ಬೇಕು ಅನಿಸಿದಾಗ ಮೊದಲು ಹಣ್ಣಿಗೆ ಕೈ ಹಾಕಿ. ಧಾರವಾಡದ ಪೇರಲ ಹಣ್ಣು ಇದಕ್ಕೆ ಹೇಳಿ ಮಾಡಿಸಿದ್ದು. ನಾರು ಜಾಸ್ತಿ, ಜಗಿಯಲು ಹೊತ್ತು ಹಿಡಿಯುತ್ತದೆ, ಉಪ್ಪು-ಖಾರ ಹಚ್ಚಿಕೊಂಡರೆ ಒಂದಕ್ಕೇ ಸಾಕಾಗುತ್ತದೆ. ಬಾರಿಹಣ್ಣು, ನೇರಳೆ, ಪಪ್ಪಾಯಿ ಆಯಾ ಕಾಲಕ್ಕೆ ಸಿಗುತ್ತವೆ. ಆಪೂಸ್ ಬಂದಾಗ ಹಣ್ಣನ್ನು ಹಾಗೇ ಹೆಚ್ಚಿ ತಿನ್ನಿ. ಸೀಕರಣೆ ಮಾಡಿದರೆ ಸಕ್ಕರೆ ಹಾಕಬೇಡಿ. ಆಪೂಸಿಗೆ ಸಕ್ಕರೆ ಹಾಕುವುದು ಹಣ್ಣಿಗೆ ಮಾಡುವ ಅವಮಾನ.

ರಸ ಬೇರೆ ಮಾತು. ಹಿಂಡಿದ ಮೇಲೆ ನಾರು ಹೋಗುತ್ತದೆ, ಸಕ್ಕರೆ ಉಳಿಯುತ್ತದೆ. ಬೇಸಿಗೆಯಲ್ಲಿ ರಸ್ತೆ ಬದಿ ಕುಡಿಯುವ ಒಂದು ದೊಡ್ಡ ಗ್ಲಾಸ್ ಕಬ್ಬಿನ ಹಾಲು ಸುಲಭವಾಗಿ 25 ಗ್ರಾಂ ದಾಟುತ್ತದೆ. ಬಾಯಾರಿಕೆಗೆ ಮಜ್ಜಿಗೆ, ಎಳನೀರು, ಉಪ್ಪು ಹಾಕಿದ ಲಿಂಬೆ ನೀರು ಇವೆಯಲ್ಲ.

ಖಾರ ತಿಂದ ಮ್ಯಾಲೆ ಸಿಹಿ ಬೇಕೇ ಬೇಕು ಅನಸ್ತದ. ನಮ್ಮ ಊಟಾನೇ ಖಾರ, ಏನ್ ಮಾಡೋದು?

ಇದಕ್ಕೆ ಸರಿಯಾದ ಕಾರಣ ಇದೆ. ಮೆಣಸಿನಕಾಯಿಯ ಉರಿಗೆ ಕಾರಣ ಕ್ಯಾಪ್ಸೈಸಿನ್ ಎಂಬ ಪದಾರ್ಥ. ಅದು ನೀರಿಗೆ ಹೋಗುವುದಿಲ್ಲ. ಸಕ್ಕರೆ ಆ ಉರಿಯನ್ನು ಸ್ವಲ್ಪ ತಗ್ಗಿಸುತ್ತದೆ, ಆದ್ದರಿಂದ ಬಾಯಿ ಸುಟ್ಟಾಗ ಬೆಲ್ಲ ನೆನಪಾಗುವುದು ಸಹಜ. ಆದರೆ ಹಾಲು, ಮೊಸರು, ಮಜ್ಜಿಗೆಯಲ್ಲಿರುವ ಪ್ರೋಟೀನ್ ಮತ್ತು ಕೊಬ್ಬು ಆ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುತ್ತವೆ. ರಂಜಕದ ಜೊತೆ ಕೆನೆಮೊಸರು, ಬೆಣ್ಣೆ ಬಡಿಸುತ್ತಿದ್ದ ಅಜ್ಜಿಯರಿಗೆ ಇದು ಗೊತ್ತಿತ್ತು.

ಖಾರದ ಪುಡಿ ಮಾಡಿಸುವಾಗ ಬ್ಯಾಡಗಿ ಮೆಣಸಿನಕಾಯಿ ಪಾಲು ಜಾಸ್ತಿ ಮಾಡಿ. ಅದು ಬಣ್ಣಕ್ಕೆ ಹೆಸರಾದದ್ದು, ಖಾರ ಕಮ್ಮಿ. ಪಲ್ಯ ಕೆಂಪಗೂ ಇರುತ್ತದೆ, ಊಟ ಆದ ಮೇಲೆ ಬಾಯಿ ಹಾ ಹಾ ಅನ್ನುವುದೂ ಇಲ್ಲ.

ರಾತ್ರಿ ಹನ್ನೊಂದಕ್ಕ ಫ್ರಿಜ್ ಬಾಗಲಾ ತಗೀತೀನಿ. ಹಗಲೆಲ್ಲಾ ಬರೋಬ್ಬರಿ ಇರ್ತೀನಿ.

ಹನ್ನೊಂದಕ್ಕೆ ಎಚ್ಚರ ಇರುವುದೇ ಮೂಲ. ನಿದ್ದೆ ಕಮ್ಮಿಯಾದಾಗ ಹಸಿವು ಹೆಚ್ಚಿಸುವ ಗ್ರೆಲಿನ್ ಎಂಬ ಹಾರ್ಮೋನ್ ಏರುತ್ತದೆ, ಸಾಕು ಅನ್ನುವ ಲೆಪ್ಟಿನ್ ಇಳಿಯುತ್ತದೆ. ಮರುದಿನವೂ ಇದೇ ಗೋಳು. ಮೊಬೈಲ್ ಬೇರೆ ಕೋಣೆಯಲ್ಲಿ ಇಟ್ಟು ಅರ್ಧ ತಾಸು ಮೊದಲು ಮಲಗಿ. ಫ್ರಿಜ್‌ನಲ್ಲಿ ಕಣ್ಣಿನ ಎತ್ತರಕ್ಕೆ ಸಿಹಿ ಇಡಬೇಡಿ. ಕಾಣದ ಸ್ಟೀಲ್ ಡಬ್ಬಿಯಲ್ಲಿ, ಮೇಲಿನ ಅಟ್ಟಕ್ಕೆ ಹಾಕಿ. ಸ್ಟೂಲ್ ಹತ್ತಿ ತೆಗೆಯುವಷ್ಟರಲ್ಲಿ ಅರ್ಧ ಆಸೆ ಹೋಗಿರುತ್ತದೆ.

ಮಕ್ಕಳು ಸಿಹಿ ಬಿಟ್ಟು ಏನೂ ಮುಟ್ಟೋದಿಲ್ಲ. ಹೆಂಗ ರೂಢಿ ಮಾಡಿಸೋದು?

ಎರಡು ವರ್ಷದ ಒಳಗಿನ ಮಕ್ಕಳಿಗೆ ಸಕ್ಕರೆ, ಬೆಲ್ಲ ಬೇಡವೇ ಬೇಡ. ಒಂದು ವರ್ಷದೊಳಗೆ ಜೇನುತುಪ್ಪ ನೆಕ್ಕಿಸಲೇಬಾರದು, ಅದು ಅಪಾಯ. ಹಾಲಿಗೆ ಸಕ್ಕರೆ ಹಾಕದೆ ಕೊಟ್ಟರೆ ಮಗು ಅದೇ ರುಚಿ ಕಲಿಯುತ್ತದೆ. ನಾವೇ ಹಾಕಿ ಕಲಿಸಿ ಆಮೇಲೆ ಬೈಯುತ್ತೇವೆ.

ದೊಡ್ಡ ಮಕ್ಕಳ ವಿಷಯದಲ್ಲಿ ಒಂದೇ ಮಾತು: ಸಿಹಿಯನ್ನು ಬಹುಮಾನ ಮಾಡಬೇಡಿ. 'ಪಲ್ಯ ತಿಂದ್ರ ಚಾಕಲೇಟ್' ಅಂದ ದಿನದಿಂದ ಪಲ್ಯ ಶಿಕ್ಷೆ, ಚಾಕಲೇಟ್ ದೇವರು. ಹಾಲಿಗೆ ಬೆರೆಸುವ ಮಾಲ್ಟ್ ಪುಡಿಗಳನ್ನೂ ನೋಡಿ ಕೊಳ್ಳಿ. ಅಂಥವನ್ನು 'ಹೆಲ್ತ್ ಡ್ರಿಂಕ್' ಎಂಬ ಹೆಸರಿನಡಿ ಇಡಬೇಡಿ ಅಂತ 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವೇ ಆನ್‌ಲೈನ್ ಅಂಗಡಿಗಳಿಗೆ ಸೂಚಿಸಿತು. ಇನ್ನು ಗೌರಿ ಹುಣ್ಣಿಮೆಯ ಸಕ್ಕರೆ ಗೊಂಬೆ, ಸಂಕ್ರಾಂತಿಯ ಕುಸುರೆಳ್ಳು ಮಕ್ಕಳು ತಿನ್ನಲಿ ಬಿಡಿ. ವರ್ಷಕ್ಕೊಮ್ಮೆ ಬರುವುದು. ಓಣಿಯ ಅಂಗಡಿಯಲ್ಲಿ ದಿನಾ ಐದು ರೂಪಾಯಿಗೆ ಬರುವುದನ್ನು ನಿಲ್ಲಿಸಿ.

## ಹಬ್ಬ, ಮದುವೆ, ಪೇಡೆ

ಪಂಚಮಿ ಉಂಡಿ ತಿಂಗಳಾನಗಟ್ಲೆ ಡಬ್ಬಿಯೊಳಗ ಇರತಾವ. ಹೋಗ್ತಾ ಬರ್ತಾ ಬಾಯಿಗೆ ಹಾಕ್ಕೋತೀವಿ.

ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ಬೇಸನ್ ಉಂಡಿ, ತಂಬಿಟ್ಟು. ಜೋಕಾಲಿ ಆಡುವ ಮೂರು ದಿನಕ್ಕೆ ಇಷ್ಟು ಬೇಕು, ಸರಿ. ತೊಂದರೆ ನಾಲ್ಕನೇ ದಿನದಿಂದ. ಹಳೆಯ ಕಾಲಕ್ಕೆ ಇದೇ ಉಂಡಿ ಹೊಲದ ಕೆಲಸ ಮಾಡುವ ಮೈಗೆ ಬುತ್ತಿಯಾಗಿತ್ತು. ಈಗ ಫ್ಯಾನಿನ ಕೆಳಗೆ ಕೂತು ಅಷ್ಟೇ ತಿನ್ನುತ್ತೇವೆ.

ಉಂಡಿ ಸಣ್ಣದು ಕಟ್ಟಿ, ಬೆಟ್ಟದ ನೆಲ್ಲಿಕಾಯಿ ಗಾತ್ರಕ್ಕೆ. ಜನ ಎಣಿಸಿ ತಿನ್ನುವವರು, ತೂಗಿ ತಿನ್ನುವವರಲ್ಲ. ಎರಡು ತಿಂದೆ ಅನ್ನುವ ಸಮಾಧಾನ ಸಣ್ಣದರಲ್ಲೂ ಸಿಗುತ್ತದೆ. ಐದು ಬಗೆ ಬದಲು ಎರಡು ಬಗೆ ಮಾಡಿ, ಉಳಿದವು ನೆರೆಯವರಿಂದ ಬಂದೇ ಬರುತ್ತವೆ. ಎಳ್ಳು, ಶೇಂಗಾ ಉಂಡಿಯಲ್ಲಿ ಬೆಲ್ಲ ಕಟ್ಟಿಗೆ ಬೇಕಾದಷ್ಟೇ ಹಾಕಿ. ಹಬ್ಬ ಮುಗಿದ ಮರುದಿನ ಉಳಿದದ್ದನ್ನು ಹಂಚಿಬಿಡಿ.

ಧಾರವಾಡದಾಗ ಇದ್ದು ಪೇಡೆ ಬಿಡೋದು ಅಂದ್ರ ಹೆಂಗ್ರೀ?

ಬಿಡಿ ಅಂತ ಯಾರು ಹೇಳಿದರು? ಭೌಗೋಳಿಕ ಗುರುತು ಪಡೆದ ಸಿಹಿ ಅದು, ಊರಿನ ಹೆಸರು ಹೊತ್ತದ್ದು. ಆದರೆ ಪೇಡೆಯನ್ನು ಪೇಡೆಯ ಹಾಗೆ ತಿನ್ನಿ. ಖೋವಾ, ಸಕ್ಕರೆ ಕೂಡಿ ಸಣ್ಣ ಉರಿಯಲ್ಲಿ ಕಂದು ಬಣ್ಣ ಬರುವವರೆಗೆ ಕೈ ಬಿಡದೆ ಕಾಯಿಸಿದ ಪದಾರ್ಥ. ಆ ಕಮರು ಘಮ, ಹಲ್ಲಿಗೆ ಸಿಗುವ ಸಣ್ಣ ಹರಳು ಗೊತ್ತಾಗಬೇಕು ಅಂದರೆ ಒಂದನ್ನು ನಾಲ್ಕು ತುತ್ತು ಮಾಡಿ ತಿನ್ನಬೇಕು. ಗುಳುಂ ಅಂತ ನುಂಗಿದವರಿಗೆ ಎರಡನೆಯದು ಬೇಕಾಗುತ್ತದೆ. ಹೊರಗೆ ಹೊರಳಿಸಿದ ಸಕ್ಕರೆ ಪುಡಿಯನ್ನು ಡಬ್ಬಿಯಲ್ಲೇ ಕೊಡವಿ. ಅದು ಹೋದರೆ ರುಚಿ ಏನೂ ಕಮ್ಮಿ ಆಗುವುದಿಲ್ಲ, ನನಗಂತೂ ಹಾಗೇ ಜಾಸ್ತಿ ಇಷ್ಟ.

ಬರಿ ಹೊಟ್ಟೆಗೆ ಬೇಡ, ಊಟದ ಮೇಲೆ ತಿನ್ನಿ. ಊರಿಂದ ಬರುವವರಿಗೆ ಕೊಡಲು ಅರ್ಧ ಕಿಲೋ ಡಬ್ಬಿ ತರುವಾಗ ಮನೆಗೂ ಒಂದು ಅಂತ ತರಬೇಡಿ. ಲೈನ್ ಬಜಾರ್ ಎಲ್ಲೂ ಓಡಿ ಹೋಗುವುದಿಲ್ಲ. 'ಶುಗರ್ ಫ್ರೀ' ಪೇಡೆ ಅಂತ ನಾಲ್ಕು ತಿನ್ನುವವರಿಗೆ ಒಂದು ಮಾತು: ಅದರಲ್ಲೂ ಖೋವಾ ಇದೆ, ಕೊಬ್ಬಿದೆ, ಹಾಲಿನ ಸಕ್ಕರೆ ಇದೆ.

ಮದುವಿ ಊಟದಾಗ ಬಡಿಸೋರು ಬಿಡೂದಿಲ್ಲ. ಮಾದಲಿ, ಹುಗ್ಗಿ, ಬುಂದೆ ಎಲ್ಲಾ ಬೀಳತಾವ.

ಒಂದು ಆರಿಸಿಕೊಳ್ಳಿ. ಮಾದಲಿಗೆ ತುಪ್ಪ-ಹಾಲು ಹಾಕಿಕೊಂಡು ಉಣ್ಣುವವರು ಹುಗ್ಗಿ ಬಂದಾಗ ಎಲೆ ಮೇಲೆ ಕೈ ಅಡ್ಡ ಹಿಡಿಯಿರಿ. ಊಟವನ್ನು ಕೋಸಂಬರಿ, ಪಲ್ಯದಿಂದ ಶುರು ಮಾಡಿ. ಎಲೆಯ ಮೇಲೆ ಕೊನೆಗೆ ಒಂದು ಚೂರು ಸಿಹಿ ಉಳಿದಿರಲಿ. ಪೂರಾ ಖಾಲಿ ಕಂಡರೆ ಬೀಗರು ಮತ್ತೆ ಬಡಿಸುತ್ತಾರೆ.

## ಸ್ವಲ್ಪ ಆಳದವು

ಪ್ಯಾಕೆಟ್ ಹಿಂದ ಸಣ್ಣ ಅಕ್ಷರದಾಗ ಬರದಿರ್ತಾರ. ಏನು ನೋಡಬೇಕು?

ಎರಡು ನೋಡಿ. ಪೋಷಕಾಂಶದ ಪಟ್ಟಿಯಲ್ಲಿ 'ಆ್ಯಡೆಡ್ ಶುಗರ್' ಅಂತ ಒಂದು ಸಾಲು ಇರುತ್ತದೆ. ಆ ಗ್ರಾಮನ್ನು ನಾಲ್ಕರಿಂದ ಭಾಗಿಸಿದರೆ ಎಷ್ಟು ಚಮಚೆ ಅಂತ ಸಿಗುತ್ತದೆ. ಅಂಕಿ ನೂರು ಗ್ರಾಮಿನದೋ ಒಂದು ಸಲ ತಿನ್ನುವ ಪಾಲಿನದೋ ಅಂತ ಗಮನಿಸಿ, ಅಲ್ಲೇ ಜನ ಮೋಸ ಹೋಗುವುದು. ಎರಡನೆಯದು ಪದಾರ್ಥಗಳ ಪಟ್ಟಿ. ಹೆಚ್ಚು ತೂಕದ್ದು ಮೊದಲು ಬರಬೇಕು ಅಂತ ನಿಯಮ. ಸಕ್ಕರೆ ಮೊದಲ ಮೂರರಲ್ಲಿ ಇದ್ದರೆ ಅದು ಮಿಠಾಯಿ ಅಂತಲೇ ತಿಳಿಯಿರಿ. ಗ್ಲೂಕೋಸ್ ಸಿರಪ್, ಇನ್ವರ್ಟ್ ಸಿರಪ್, ಡೆಕ್ಸ್‌ಟ್ರೋಸ್ ಎಲ್ಲಾ ಸಕ್ಕರೆಯ ಮನೆತನದವೇ.

ಟೊಮೆಟೊ ಕೆಚಪ್, ಕಾರ್ನ್‌ಫ್ಲೇಕ್ಸ್, ಹಣ್ಣಿನ ರುಚಿಯ ಮೊಸರು, ಬ್ರೆಡ್ ಇವುಗಳಲ್ಲೂ ನೋಡಿ. ಹೆಚ್ಚಿನ ಕೋಲಾಗಳಲ್ಲಿ 100 ಮಿ.ಲೀ.ಗೆ ಸುಮಾರು 10 ಗ್ರಾಂ. ಒಂದು 250 ಮಿ.ಲೀ. ಬಾಟಲಿಗೆ ದಿನದ ಒಳ್ಳೆಯ ಮಿತಿ ಮುಗಿಯುತ್ತದೆ.

ಸಕ್ಕರಿ ಬದಲಿ ಸಿಹಿ ಗುಳಿಗಿ ಹಾಕ್ಕೋಬಹುದಾ?

ತೂಕ ಇಳಿಸುವ ಉಪಾಯವಾಗಿ ಇಂಥ ಸಿಹಿಕಾರಕಗಳನ್ನು ಬಳಸಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ ಸಲಹೆ ಕೊಟ್ಟಿತು. ಈಗಾಗಲೇ ಶುಗರ್ ಇರುವವರಿಗೆ ಆ ಸಲಹೆ ಅನ್ವಯಿಸುವುದಿಲ್ಲ. ಅವರು ತಮ್ಮ ಡಾಕ್ಟರನ್ನು ಕೇಳಬೇಕು. ನನ್ನ ಅಭಿಪ್ರಾಯ ಬೇರೆ ಕಾರಣಕ್ಕೆ: ಗುಳಿಗೆ ಹಾಕಿದರೆ ನಾಲಿಗೆ ಅಷ್ಟೇ ಸಿಹಿ ಕೇಳುತ್ತಾ ಇರುತ್ತದೆ. ನಾವು ಇಳಿಸಬೇಕಾದದ್ದು ಆ ಮಟ್ಟವನ್ನೇ.

ಮಧುನಾಶಿನಿ ಎಲಿ ತಿಂದ್ರ ಸಿಹಿ ಆಸೆ ಹೋಗತೈತಿ ಅಂತಾರ. ಖರೇನ?

ಸ್ವಲ್ಪ ಹೊತ್ತು, ಖರೇ. ಆ ಎಲೆಯಲ್ಲಿರುವ ಜಿಮ್ನೆಮಿಕ್ ಆಮ್ಲ ನಾಲಿಗೆಯ ಸಿಹಿ ಗುರುತಿಸುವ ಭಾಗಗಳನ್ನು ತಾತ್ಕಾಲಿಕವಾಗಿ ಮುಚ್ಚುತ್ತದೆ. ಎಲೆ ಜಗಿದು ಸಕ್ಕರೆ ಬಾಯಿಗೆ ಹಾಕಿದರೆ ಮರಳು ಜಗಿದ ಹಾಗೆ. ಸುಮಾರು ಅರ್ಧ ತಾಸಿನಲ್ಲಿ ರುಚಿ ತಿರುಗಿ ಬರುತ್ತದೆ. ಮಕ್ಕಳಿಗೆ ತೋರಿಸಲು ಒಳ್ಳೆಯ ಆಟ. ಆದರೆ ಅದರ ಪುಡಿ, ಗುಳಿಗೆಗಳು ರಕ್ತದ ಸಕ್ಕರೆ ಇಳಿಸಬಲ್ಲವು. ಶುಗರ್ ಔಷಧಿ ತೆಗೆದುಕೊಳ್ಳುವವರು ಡಾಕ್ಟರಿಗೆ ಹೇಳದೆ ಮುಟ್ಟಬಾರದು.

ಮೈಯಾಗ ಏನೋ ಕಮ್ಮಿ ಆಗಿರತದ, ಅದಕ್ಕ ಸಿಹಿ ಬೇಡತದ ಅಂತಾರಲ್ಲ?

ಸಿಹಿಯ ವಿಷಯದಲ್ಲಿ ಆ ಮಾತಿಗೆ ಗಟ್ಟಿ ಆಧಾರ ಇಲ್ಲ. ಆದರೆ ಮಣ್ಣು, ಸೀಮೆಸುಣ್ಣ, ಐಸ್, ಹಸಿ ಅಕ್ಕಿ ತಿನ್ನಬೇಕು ಅನಿಸುತ್ತಿದ್ದರೆ ರಕ್ತ ಪರೀಕ್ಷೆ ಮಾಡಿಸಿ. ಅದು ಹೆಚ್ಚಾಗಿ ಕಬ್ಬಿಣಾಂಶದ ಕೊರತೆಯ ಜೊತೆ ಕಾಣಿಸುತ್ತದೆ.

ಮುಟ್ಟಿನ ನಾಲ್ಕು ದಿನ ಮುಂಚೆ ಬಾಳ ಸಿಹಿ ಬೇಕನಸ್ತದ.

ತುಂಬಾ ಹೆಣ್ಣುಮಕ್ಕಳಿಗೆ ಹಾಗೇ, ಹಾರ್ಮೋನಿನ ಏರಿಳಿತ ಅದು. ಆ ದಿನಗಳಲ್ಲಿ ನಿಮ್ಮ ಮೇಲೆ ನೀವು ಸಿಟ್ಟಾಗಬೇಡಿ. ಹೊತ್ತಿಗೆ ಸರಿಯಾಗಿ ಉಣ್ಣಿ, ಒಂದು ಎಳ್ಳುಂಡಿ ತಿನ್ನಿ, ಮಲಗಿ.

ಶುಗರ್ ಗುಳಿಗಿ ತಗೋತೀನಿ. ಒಮ್ಮೊಮ್ಮೆ ಕೈ ನಡುಗಿ, ಬೆವರು ಬಂದು, ಸಿಹಿ ಬೇಕನಸತೈತಿ. ಆಗೂ ತಡಕೋಬೇಕಾ?

ತಡೆಯಲೇಬೇಡಿ. ಇದು ಆಸೆ ಅಲ್ಲ, ರಕ್ತದಲ್ಲಿ ಸಕ್ಕರೆ ಇಳಿದಿರುವ ಲಕ್ಷಣ. ಇನ್ಸುಲಿನ್ ಅಥವಾ ಕೆಲವು ಬಗೆಯ ಗುಳಿಗೆ ತೆಗೆದುಕೊಳ್ಳುವವರಿಗೆ, ಅದರಲ್ಲೂ ಊಟ ತಡವಾದಾಗ, ಹೀಗಾಗುತ್ತದೆ. ಮೀಟರ್ ಇದ್ದರೆ ನೋಡಿ. 70ಕ್ಕಿಂತ ಕಮ್ಮಿ ಇದ್ದರೆ, ಅಥವಾ ಮೀಟರ್ ಇಲ್ಲದಿದ್ದರೆ ಹಾಗೇ, ಮೂರರಿಂದ ನಾಲ್ಕು ಚಮಚೆ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ. ಪೇಡೆ, ಚಾಕಲೇಟ್ ಬೇಡ. ಅವುಗಳ ಕೊಬ್ಬಿನಿಂದ ಸಕ್ಕರೆ ಏರುವುದು ತಡವಾಗುತ್ತದೆ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಸರಿಹೋಗದಿದ್ದರೆ ಇನ್ನೊಮ್ಮೆ ಅಷ್ಟೇ ಕುಡಿಯಿರಿ. ಸುಧಾರಿಸಿದ ಮೇಲೆ ಏನಾದರೂ ಉಣ್ಣಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬಾರದು, ಕೂಡಲೇ 108ಕ್ಕೆ ಫೋನ್ ಮಾಡಿ. ಇದು ಮತ್ತೆ ಮತ್ತೆ ಆಗುತ್ತಿದ್ದರೆ ಗುಳಿಗೆಯ ಪ್ರಮಾಣದ ಬಗ್ಗೆ ಡಾಕ್ಟರ್ ಹತ್ತಿರ ಮಾತಾಡಿ. ಇಂಥವರ ಕಿಸೆಯಲ್ಲಿ ಸಕ್ಕರೆಯ ಸಣ್ಣ ಪೊಟ್ಟಣ ಯಾವಾಗಲೂ ಇರಬೇಕು.

ಎಷ್ಟು ದಿನಕ್ಕ ನಾಲಿಗಿ ಬದಲಾಗತೈತಿ?

ಕೆಲವು ವಾರಗಳಲ್ಲಿ ಗೊತ್ತಾಗಲು ಶುರುವಾಗುತ್ತದೆ. ಎರಡು-ಮೂರು ತಿಂಗಳಿಗೆ ಮೊದಲಿನದೇ ಸಿಹಿ ಅತಿಯಾಗಿದೆ ಅನಿಸುತ್ತದೆ. ಅಂಗಡಿಯ ಚಹಾ ಪಾಕ ಕುಡಿದಂತೆ ಆದ ದಿನ ನಿಮಗೇ ತಿಳಿಯುತ್ತದೆ. ನಡುವೆ ಒಂದು ಮದುವೆ, ಒಂದು ಹಬ್ಬ ಬಂದು ಜಾಸ್ತಿ ಆದರೆ ಮರುದಿನದ ಚಹಾದಿಂದ ಮತ್ತೆ ಹಿಡಿದುಕೊಳ್ಳಿ. ಸೋಮವಾರದ ತನಕ ಕಾಯುವ ಕೆಲಸ ಇಲ್ಲ.

ಟೆಸ್ಟ್ ಯಾವಾಗ ಮಾಡಿಸಬೇಕು?

ಬಾಯಾರಿಕೆ ಜಾಸ್ತಿ, ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುವುದು, ಉಂಡರೂ ಹಸಿವು, ಕಾರಣವಿಲ್ಲದೆ ತೂಕ ಇಳಿಯುವುದು, ಗಾಯ ಬೇಗ ಮಾಯದಿರುವುದು. ಇವುಗಳಲ್ಲಿ ಯಾವುದಿದ್ದರೂ ತಡ ಮಾಡಬೇಡಿ. ಏನೂ ಇಲ್ಲದಿದ್ದರೂ ಮೂವತ್ತು ದಾಟಿದವರು, ಅದರಲ್ಲೂ ಅಪ್ಪ-ಅಮ್ಮನಿಗೆ ಶುಗರ್ ಇದ್ದವರು, ವರ್ಷಕ್ಕೊಮ್ಮೆ ನೋಡಿಸಿಕೊಳ್ಳಲಿ. ಸರ್ಕಾರಿ ಆಸ್ಪತ್ರೆಯ ಎನ್‌ಸಿಡಿ ವಿಭಾಗದಲ್ಲಿ, ಅಂದರೆ ಶುಗರ್, ಬಿಪಿಯಂಥ ಅಂಟದ ಕಾಯಿಲೆಗಳ ವಿಭಾಗದಲ್ಲಿ, ಇದನ್ನು ಮಾಡುತ್ತಾರೆ.

ಬರಿ ಹೊಟ್ಟೆಯ ಅಂಕಿ 100ರ ಒಳಗಿದ್ದರೆ ಸರಿ. 100ರಿಂದ 125 ಅಂದರೆ ಅಂಚಿನಲ್ಲಿದ್ದೀರಿ, ಚಹಾ-ವಾಕಿಂಗ್ ಸರಿಮಾಡಿದರೆ ತಿರುಗಿ ಬರಲು ಸಾಧ್ಯವಿರುವ ಹಂತ ಇದು. 126 ಅಥವಾ ಜಾಸ್ತಿ ಬಂದರೆ ಇನ್ನೊಮ್ಮೆ ಪರೀಕ್ಷಿಸಿ ಖಚಿತ ಮಾಡುತ್ತಾರೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 5.7ರ ಕೆಳಗಿರಬೇಕು, 6.5 ಅಥವಾ ಜಾಸ್ತಿ ಆದರೆ ಶುಗರ್. ಬರಿ ಹೊಟ್ಟೆಯ ಟೆಸ್ಟಿಗೆ ಹೋಗುವ ದಿನ ಹಿಂದಿನ ರಾತ್ರಿಯಿಂದ ಎಂಟು ತಾಸು ಏನೂ ತಿನ್ನಬಾರದು. ನೀರು ಕುಡಿಯಬಹುದು. 'ಸಕ್ಕರಿ ಹಾಕಿಲ್ಲರೀ, ಬರೇ ಚಹಾ ಕುಡದೀನಿ' ಅಂತ ಹೋದರೆ ಅವರು ಮರುದಿನ ಬರಲು ಹೇಳುತ್ತಾರೆ.